ಚಂದ್ರಗುತ್ತಿಯ ಕೋಟೆ, ಹಳೆಯ ಕೋವಿಯ ಆಸೆ

ಮಲೆನಾಡು ಮುಗಿಯದೆ, ಬಯಲುಸೀಮೆ ಶುರುವಾಗದೆ ನಡುವೆ ನಿಂತ ನಾಡು ಸೊರಬ. ಅಡಿಕೆ ತೋಟ ದಾಟಿದರೆ ಗದ್ದೆ, ಗದ್ದೆ ದಾಟಿದರೆ ಕೆರೆ, ಕೆರೆಯಾಚೆ ಕುರುಚಲು ಕಾಡು. ಈ ನೆಲದ ನಡುವೆ ಏಕಾಏಕಿ ಎದ್ದು ನಿಂತಂತೆ ಕಾಣುವುದು ಚಂದ್ರಗುತ್ತಿಯ ಬೆಟ್ಟ. ಸಮುದ್ರ ಮಟ್ಟದಿಂದ ಸುಮಾರು 850 ಮೀಟರ್ ಎತ್ತರ. ಚಂದ್ರನನ್ನೇ ಮರೆಮಾಡುವಷ್ಟು ಎತ್ತರದ ಬೆಟ್ಟವಾದ್ದರಿಂದ ಈ ಹೆಸರು ಬಂತು ಎಂಬುದು ಜನರ ನಂಬಿಕೆ. ಶಾಸನಗಳಲ್ಲಿ ಇದು ಚಂದ್ರಗುಪ್ತಿ, ಗುತ್ತಿ.

ಬೆಟ್ಟದ ಮೈಯಲ್ಲಿರುವುದು ರೇಣುಕಾಂಬೆಯ ಗುಹಾ ದೇವಾಲಯ. ನೆತ್ತಿಯ ಮೇಲೆ ಪಾಳುಬಿದ್ದ ಕೋಟೆ. ಬರುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ದೇವಿಯ ದರ್ಶನ ಮುಗಿಸಿ ಇಳಿದುಬಿಡುತ್ತಾರೆ. ಕೋಟೆಯ ತನಕ ಏರುವವರು ಹೆಚ್ಚಾಗಿ ಶಾಲೆ ಕಾಲೇಜಿನ ಹುಡುಗರು. ಮೇಲೆ ಹತ್ತಿ, ಕುಸಿದ ಗೋಡೆಯ ಮೇಲೆ ಕುಳಿತು, ಉಸಿರು ಹದಕ್ಕೆ ಬಂದ ಮೇಲೆ ಅವರಲ್ಲಿ ಒಬ್ಬನಾದರೂ ಕೇಳುವ ಪ್ರಶ್ನೆ ಒಂದಿದೆ: "ಅಪ್ಪಾ, ಇಲ್ಲಿದ್ದ ಕತ್ತಿ, ಕೋವಿ ಎಲ್ಲ ಎಲ್ಲಿಗೆ ಹೋದುವು?" ಅದರ ಬೆನ್ನಿಗೇ ಇನ್ನೊಂದು: "ಮಿಲಿಟರಿಯವರು ಹಳೇ ರೈಫಲ್ಲನ್ನ ಏನು ಮಾಡ್ತಾರೆ? ನಾವು ಒಂದು ಕೊಂಡು ಮನೇಲಿ ಇಟ್ಕೊಬಹುದಾ?"

ಅಪ್ಪಂದಿರು ಸಾಮಾನ್ಯವಾಗಿ "ಸುಮ್ನಿರೋ" ಎಂದು ಗದರಿಸಿ ಮುಗಿಸುತ್ತಾರೆ. ಆದರೆ ಈ ಪ್ರಶ್ನೆ ಗದರಿಸಿ ಮುಗಿಸುವಂಥದ್ದಲ್ಲ. ಸಿನಿಮಾದಲ್ಲಿ, ಫೋನಿನಲ್ಲಿ ಹೊರದೇಶದವರು ಯುದ್ಧಕಾಲದ ರೈಫಲುಗಳನ್ನು ಅಗ್ಗಕ್ಕೆ ಕೊಂಡು ಗೋಡೆಗೆ ತೂಗುಹಾಕುವುದನ್ನು ಮಕ್ಕಳು ನೋಡುತ್ತಿದ್ದಾರೆ. ನಮ್ಮಲ್ಲಿ ಅದು ಆಗುತ್ತದೆಯೇ, ಆಗದಿದ್ದರೆ ಯಾಕೆ ಎಂದು ತಿಳಿಸಲು ಚಂದ್ರಗುತ್ತಿಗಿಂತ ಒಳ್ಳೆಯ ಪಾಠಶಾಲೆ ಬೇರೆ ಸಿಗಲಾರದು.

ಕೊಡಲಿಯ ಕತೆ, ಖಡ್ಗದ ಕತೆ

ಈ ಬೆಟ್ಟದ ಕತೆ ಶುರುವಾಗುವುದೇ ಒಂದು ಆಯುಧದಿಂದ. ರೇಣುಕೆ ಜಮದಗ್ನಿಯ ಹೆಂಡತಿ, ಪರಶುರಾಮನ ತಾಯಿ. ತಂದೆಯ ಮಾತಿಗೆ ಕಟ್ಟುಬಿದ್ದು ತಾಯಿಯ ಮೇಲೆಯೇ ಕೊಡಲಿ ಎತ್ತಿದ ಮಗನ ಕತೆ ಎಲ್ಲರಿಗೂ ಗೊತ್ತು. ಆ ತಾಯಿ ಬಂದು ಆಶ್ರಯ ಪಡೆದ ಗುಹೆ ಇದೇ ಎಂದು ಭಕ್ತರು ನಂಬುತ್ತಾರೆ. ಸಹಜವಾದ ಕಲ್ಲು ಗುಹೆ, ಅದರ ಮುಂದೆ ಕಟ್ಟಿದ ಕಲ್ಲಿನ ಮಂಟಪ. ಇಲ್ಲಿನ ಜಾತ್ರೆಯ ಬೆತ್ತಲೆ ಸೇವೆಯ ವಿಚಾರದಲ್ಲಿ 1986ರಲ್ಲಿ ದೊಡ್ಡ ಗಲಭೆ ನಡೆದು, ಆ ಪದ್ಧತಿಯನ್ನು ಸರ್ಕಾರ ನಿಷೇಧಿಸಿತು. ದೇವಿಯ ಸೇವೆ ಮಾತ್ರ ನಿಂತಿಲ್ಲ.

ಇನ್ನೊಂದು ಕತೆ ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದದ್ದು. ಅಲ್ಲಿನ ಕಂಬದ ಶಾಸನ ಹೇಳುವಂತೆ, ಮಯೂರಶರ್ಮ ಎಂಬ ವಿದ್ಯಾರ್ಥಿ ವೇದಾಧ್ಯಯನಕ್ಕೆಂದು ಗುರುವಿನೊಡನೆ ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಂದಿಗೆ ಜಗಳವಾಯಿತು. ಅವಮಾನ ತಾಳಲಾರದೆ ದರ್ಭೆ ಹಿಡಿದ ಕೈಯಲ್ಲಿ ಶಸ್ತ್ರ ಹಿಡಿದ. ಮುಂದೆ ಬನವಾಸಿಯ ಕದಂಬ ರಾಜ್ಯ ಕಟ್ಟಿದ. ಹೀಗೆ ಕನ್ನಡ ನಾಡಿನ ಮೊದಲ ರಾಜಮನೆತನ ಹುಟ್ಟಿದ್ದೇ ಓದು ಬಿಟ್ಟು ಆಯುಧ ಹಿಡಿದ ವಿದ್ಯಾರ್ಥಿಯಿಂದ! ಮಕ್ಕಳಿಗೆ ಈ ಕತೆ ಬಹಳ ಹಿಡಿಸುತ್ತದೆ. ಆದರೆ ಅವನ ಸಾಹಸವನ್ನು ನಮಗೆ ದಾಟಿಸಿದ್ದು ಖಡ್ಗವಲ್ಲ, ಕುಬ್ಜ ಎಂಬ ಕವಿ ಬರೆದು ಕಲ್ಲಿಗೆ ಏರಿಸಿದ ಅಕ್ಷರ. ಈ ಮಾತನ್ನೂ ಜೊತೆಗೇ ಹೇಳಬೇಕು.

ಕದಂಬರ ಕಾಲದ ನಂತರವೂ ಚಂದ್ರಗುತ್ತಿಯ ಮಹತ್ವ ಕಡಿಮೆಯಾಗಲಿಲ್ಲ. ವಿಜಯನಗರದ ಕಾಲದಲ್ಲಿ ಇದು ಒಂದು ರಾಜ್ಯದ, ಅಂದರೆ ಪ್ರಾಂತ್ಯದ, ಮುಖ್ಯಸ್ಥಾನ. ಹದಿನಾಲ್ಕನೆಯ ಶತಮಾನದಲ್ಲಿ ಮೊದಲು ಹರಿಹರನ ತಮ್ಮ ಮಾರಪ್ಪ, ಆಮೇಲೆ ಗೋವೆಯನ್ನು ಗೆದ್ದ ಮಾಧವ ಮಂತ್ರಿ ಈ ಸೀಮೆಯನ್ನು ಆಳಿದರು. ಆಮೇಲೆ ಬಂದವರು ಕೆಳದಿಯ ನಾಯಕರು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಾಗ ಕೆಳದಿ ರಾಜ್ಯವೇ ಮೈಸೂರಿಗೆ ಸೇರಿತು. ಘಟ್ಟದ ಮೇಲಿನ ಮೆಣಸು ಕರಾವಳಿಗೆ ಇಳಿಯುವ ದಾರಿ ಕಾಯಲು ಈ ಬೆಟ್ಟ ಎಲ್ಲರಿಗೂ ಬೇಕಾಗಿತ್ತು. ಬಿಲ್ಲುಬಾಣ ಹೋಗಿ ಬತ್ತಿಯ ಕೋವಿ ಬಂತು, ಬತ್ತಿ ಹೋಗಿ ಚಕಮಕಿ ಕಲ್ಲಿನ ಕೋವಿ ಬಂತು. ಕೋಟೆ ಮಾತ್ರ ಅದೇ.

ಕೋವಿ ಬೇರೆ, ರೈಫಲು ಬೇರೆ

ಇಲ್ಲಿ ಒಂದು ಮಾತು ತಿಳಿದಿರಲಿ. ಹಳೆಯ ಕಾಲದ ಕೋವಿಯ ನಳಿಗೆ ಒಳಗೆ ನುಣುಪು. ಬಾಯಿಂದ ಮದ್ದು, ಗುಂಡು ತುಂಬಿ ಗಜದಿಂದ ಗಿಡಿಯಬೇಕು. ರೈಫಲಿನ ನಳಿಗೆಯ ಒಳಗೆ ಸುರುಳಿ ಸುರುಳಿಯಾಗಿ ಗೀರುಗಳಿರುತ್ತವೆ. ಆ ಗೀರು ಗುಂಡನ್ನು ಬುಗುರಿಯಂತೆ ತಿರುಗಿಸಿ ಕಳಿಸುತ್ತದೆ. ತಿರುಗುವ ಬುಗುರಿ ಬೀಳದಂತೆ, ತಿರುಗುವ ಗುಂಡು ದಾರಿ ತಪ್ಪದೆ ದೂರ ಹೋಗುತ್ತದೆ. 'ರೈಫಲ್' ಎಂಬ ಹೆಸರೇ ಈ ಗೀರುಗಳಿಂದ ಬಂದದ್ದು.

ನಮ್ಮ ದೇಶದಲ್ಲಿ ಎಲ್ಲರಿಗೂ ಗೊತ್ತಿರುವ ರೈಫಲು 'ತ್ರೀ ನಾಟ್ ತ್ರೀ'. ನಳಿಗೆಯ ರಂಧ್ರ 0.303 ಅಂಗುಲ, ಅಂದರೆ 7.7 ಮಿಲಿಮೀಟರ್. ಲೀ-ಎನ್‌ಫೀಲ್ಡ್ ಅದರ ನಿಜವಾದ ಹೆಸರು. ತೂಕ ಸುಮಾರು ನಾಲ್ಕು ಕಿಲೋ, ಒಮ್ಮೆಗೆ ಹತ್ತು ತೋಟಾ. ಎರಡೂ ಮಹಾಯುದ್ಧಗಳಲ್ಲಿ ಭಾರತೀಯ ಸಿಪಾಯಿಗಳ ಹೆಗಲ ಮೇಲಿದ್ದದ್ದು ಇದೇ. ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಯಲ್ಲಿ ಇದು ಲಕ್ಷಗಟ್ಟಲೆ ತಯಾರಾಯಿತು. ಸೇನೆ ಬಿಟ್ಟ ಮೇಲೂ ಪೊಲೀಸರ ಕೈಯಲ್ಲಿ ಬಹುಕಾಲ ಉಳಿಯಿತು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ದಿನ.

ಹಾಗೆ ನಿವೃತ್ತವಾದ ರೈಫಲು ಸಂತೆಗೆ ಬರುತ್ತದೆಯೇ? ಇಲ್ಲ. ನಮ್ಮ ಕಾನೂನಿನಲ್ಲಿ .303 ಮತ್ತು 7.62 ಮಿಲಿಮೀಟರ್ ರೈಫಲುಗಳು, ಅಂದರೆ ಸೈನ್ಯದ ತೋಟಾ ಹಾಕಬಹುದಾದ ರೈಫಲುಗಳು, ನಿಷೇಧಿತ ಮತ್ತು ನಿರ್ಬಂಧಿತ ವರ್ಗಕ್ಕೆ ಸೇರುತ್ತವೆ. ಜಿಲ್ಲಾಧಿಕಾರಿ ಇವಕ್ಕೆ ಲೈಸೆನ್ಸ್ ಕೊಡಲಾರರು. ಆ ಅಧಿಕಾರ ಕೇಂದ್ರ ಗೃಹ ಇಲಾಖೆಯದು. ಈ ಕಾರಣಕ್ಕೇ ಇಷಾಪುರದ ಕಾರ್ಖಾನೆ ಸಾರ್ವಜನಿಕರಿಗಾಗಿ .315 ಅಂಗುಲದ ಬೇರೆಯೇ ರೈಫಲು ತಯಾರಿಸಿತು. ಮೈಕಟ್ಟು ಲೀ-ಎನ್‌ಫೀಲ್ಡ್‌ನದೇ, ತೋಟಾ ಮಾತ್ರ ಬೇರೆ. ಅದಕ್ಕೂ ಲೈಸೆನ್ಸ್ ಬೇಕೇ ಬೇಕು.

ಹಲಗಲಿಯಿಂದ ಬಂದ ಪಾಠ

ಇಷ್ಟು ಬಿಗಿ ಯಾಕೆ ಎಂದು ಕೇಳಿದರೆ, ಉತ್ತರ ನಿಮ್ಮ ಮಕ್ಕಳ ಪಠ್ಯದಲ್ಲೇ ಇದೆ. ಹಲಗಲಿಯ ಬೇಡರ ಲಾವಣಿಯನ್ನು ಓದದ ಕನ್ನಡ ವಿದ್ಯಾರ್ಥಿ ಅಪರೂಪ. 1857ರಲ್ಲಿ ಕುಂಪಣಿ ಸರ್ಕಾರ ಜನರ ಆಯುಧಗಳನ್ನು ಕಸಿಯುವ ಕಾಯ್ದೆ ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆ ಎಂದರು. ಬೇಟೆಯೇ ಬದುಕಾಗಿದ್ದವರಿಗೆ ಆಯುಧ ಹೋದರೆ ಅನ್ನ ಹೋದಂತೆ, ಮಾನವೂ ಹೋದಂತೆ. ಆ ನವೆಂಬರಿನಲ್ಲಿ ದಂಡು ಬಂದು ಊರನ್ನೇ ಸುಟ್ಟಿತು. ಹಲವರನ್ನು ಗಲ್ಲಿಗೇರಿಸಿದರು.

ಆಮೇಲೆ 1878ರಲ್ಲಿ ಇಡೀ ದೇಶಕ್ಕೆ ಶಸ್ತ್ರ ಕಾಯ್ದೆ ಬಂತು. ಸ್ವಾತಂತ್ರ್ಯಾನಂತರ ಅದರ ಜಾಗದಲ್ಲಿ 1959ರ ಶಸ್ತ್ರ ಕಾಯ್ದೆ ಬಂದು 1962ರ ಅಕ್ಟೋಬರಿನಿಂದ ಜಾರಿಯಾಯಿತು. ಈಗಿನ ನಿಯಮಗಳು 2016ರವು. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಮೊದಲು ಮೂರಕ್ಕೆ ಅವಕಾಶವಿತ್ತು. ಲೈಸೆನ್ಸಿಲ್ಲದ ಬಂದೂಕಿಗೆ ಕನಿಷ್ಠ ಎರಡು ವರ್ಷ, ನಿಷೇಧಿತ ಆಯುಧಕ್ಕೆ ಏಳರಿಂದ ಹದಿನಾಲ್ಕು ವರ್ಷ ಸೆರೆವಾಸ. 'ಹಳೇದು ಸಾರ್, ಷೋಕಿಗೆ ಇಟ್ಟಿದ್ದು' ಎಂಬ ಮಾತು ನ್ಯಾಯಾಲಯದಲ್ಲಿ ನಡೆಯುವುದಿಲ್ಲ.

ಕರ್ನಾಟಕದಲ್ಲಿ ಒಂದು ವಿನಾಯಿತಿ ಉಂಟು, ಕೊಡಗಿನದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಲೈಸೆನ್ಸಿನಿಂದ ರಿಯಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಆದರೆ ಆ ರಿಯಾಯಿತಿಯೂ ಎಲ್ಲ ಬಗೆಯ ಆಯುಧಕ್ಕೆ ಅಲ್ಲ, ಎಲ್ಲರಿಗೂ ಅಲ್ಲ.

ಇಪ್ಪತ್ತೊಂದು ಡಾಲರಿನ ರೈಫಲು

ಹಾಗಾದರೆ ಹೊರದೇಶದಲ್ಲಿ ಅಗ್ಗಕ್ಕೆ ಸಿಕ್ಕಿದ್ದು ಹೇಗೆ? ಎರಡನೆಯ ಮಹಾಯುದ್ಧ ಮುಗಿದಾಗ ಯೂರೋಪಿನ ಉಗ್ರಾಣಗಳಲ್ಲಿ ಲಕ್ಷಾಂತರ ರೈಫಲುಗಳು ಬೇಡವಾಗಿ ಬಿದ್ದಿದ್ದವು. ಅವನ್ನು ವ್ಯಾಪಾರಿಗಳು ಸಗಟಾಗಿ ಕೊಂಡು ಅಮೆರಿಕದಲ್ಲಿ ಮಾರಿದರು. ಪತ್ರಿಕೆಯಲ್ಲಿ ಜಾಹೀರಾತು ನೋಡಿ, ಕೂಪನ್ ಕತ್ತರಿಸಿ, ಹಣ ಕಳಿಸಿದರೆ ಅಂಚೆಯಲ್ಲಿ ರೈಫಲು ಮನೆಗೆ! ಹಾಗೆ 1963ರಲ್ಲಿ ಒಬ್ಬಾತ ಸುಳ್ಳು ಹೆಸರಿನಲ್ಲಿ ಇಟಲಿ ಸೇನೆಯ ಹಳೆಯ ಕಾರ್ಕಾನೊ ರೈಫಲನ್ನು ದೂರದರ್ಶಕದ ಸಮೇತ, ಅಂಚೆವೆಚ್ಚ ಸೇರಿ 21 ಡಾಲರ್ 45 ಸೆಂಟಿಗೆ ತರಿಸಿಕೊಂಡ. ಅವನ ಹೆಸರು ಲೀ ಹಾರ್ವೆ ಆಸ್ವಾಲ್ಡ್. ಅದೇ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನೆಡಿಯವರ ಪ್ರಾಣ ತೆಗೆದದ್ದು ಆ ರೈಫಲು ಎಂದು ತನಿಖಾ ಆಯೋಗ ತೀರ್ಮಾನಿಸಿತು. 1968ರಲ್ಲಿ ಅಮೆರಿಕವೂ ಅಂಚೆಯಲ್ಲಿ ಬಂದೂಕು ಮಾರುವುದಕ್ಕೆ ಕಡಿವಾಣ ಹಾಕಿತು.

ಅಲ್ಲಿಯ ಪ್ರಾಮಾಣಿಕ ಸಂಗ್ರಾಹಕರು ಇಂದಿಗೂ ಇದ್ದಾರೆ. ಹೊಸಬರಿಗೆ ಅವರು ಹೇಳುವ ಮೊದಲ ಮಾತು ಮಾತ್ರ ನಮ್ಮ ಮಕ್ಕಳಿಗೂ ಉಪಯೋಗಕ್ಕೆ ಬರುತ್ತದೆ: ಕೊಳ್ಳುವ ಮುಂಚೆ ಓದಲು ಕಲಿ. ರೈಫಲಿನ ಮೈಮೇಲಿನ ಗುರುತುಗಳೇ ಅದರ ಜಾತಕ. ಮ್ಯೂಸಿಯಮ್ಮಿನಲ್ಲಿ ತ್ರೀ ನಾಟ್ ತ್ರೀ ಕಂಡರೆ ಹಿಡಿಯ ಹತ್ತಿರದ ಲೋಹದ ಪಟ್ಟಿ ನೋಡಿ. ಕಿರೀಟ, ಅದರ ಕೆಳಗೆ 'ಜಿ.ಆರ್.ಐ.' ಎಂದಿದ್ದರೆ ಅದು ಚಕ್ರವರ್ತಿ ಜಾರ್ಜನ ಹೆಸರು, ಸ್ವಾತಂತ್ರ್ಯಪೂರ್ವದ್ದು. 'ಆರ್.ಎಫ್.ಐ.' ಎಂದು ಅಶೋಕ ಸ್ತಂಭದ ಸಿಂಹದೊಡನೆ ಇದ್ದರೆ ಗಣರಾಜ್ಯದ ಕಾಲದ ಇಷಾಪುರದ ರೈಫಲು. ಒಂದು ಉಕ್ಕಿನ ಪಟ್ಟಿಯಲ್ಲಿ ದೇಶವೊಂದು ಕೈ ಬದಲಾದ ಇತಿಹಾಸ!

ಅಜ್ಜನ ಕೋವಿ

ಈ ಭಾಗದ ಅನೇಕ ಮನೆಗಳಿಗೆ ನಿಜವಾಗಿ ಸಂಬಂಧಪಟ್ಟದ್ದು ಇನ್ನೊಂದು ಸಂಗತಿ. ಹಂದಿ, ಮಂಗನ ಕಾಟಕ್ಕೆಂದು ಬೆಳೆ ರಕ್ಷಣೆಗೆ ಅಜ್ಜನ ಹೆಸರಿನಲ್ಲಿ ಲೈಸೆನ್ಸ್ ಪಡೆದ ಒಂಟಿ ನಳಿಗೆಯದೋ ಜೋಡಿ ನಳಿಗೆಯದೋ ಕೋವಿ ಇರುತ್ತದೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತರುವುದು ಮಲೆನಾಡಿನ ರೈತರಿಗೆ ರೂಢಿಯೇ. ಅಜ್ಜ ತೀರಿಕೊಂಡ ಮೇಲೆ ಏನು? ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟು ಮರೆತರೆ, ಆ ದಿನದಿಂದ ಅದು ಲೈಸೆನ್ಸಿಲ್ಲದ ಆಯುಧ.

ಮಾಡಬೇಕಾದ್ದು ಸರಳ. ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಇಲ್ಲವೆ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲಿ ಅದನ್ನು ಠೇವಣಿ ಇಟ್ಟು ರಸೀತಿ ಪಡೆಯಿರಿ. ವಾರಸುದಾರರು ತಮ್ಮ ಹೆಸರಿಗೆ ಬೇಕೆಂದರೆ ಅರ್ಜಿ ಹಾಕಬಹುದು. ಲೈಸೆನ್ಸುದಾರರು ಬದುಕಿರುವಾಗಲೇ, 70 ವರ್ಷ ತುಂಬಿದ ಮೇಲೆ ಅಥವಾ 25 ವರ್ಷ ಕೋವಿ ಇಟ್ಟುಕೊಂಡ ಮೇಲೆ, ವಾರಸುದಾರರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಅಜ್ಜ ಗಟ್ಟಿಯಾಗಿರುವಾಗಲೇ ಕೂತು ಮಾತಾಡಿ ಮುಗಿಸುವುದು ಒಳ್ಳೆಯದು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು.

ಇನ್ನು ದುರಸ್ತಿ ಮಾಡಿದರೂ ಸಿಡಿಯಲಾಗದ, ಓಬೀರಾಯನ ಕಾಲದ ಕೋವಿಗಳಿಗೆ ಶಸ್ತ್ರ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅದರ 45ನೆಯ ಕಲಮು ಹೇಳುತ್ತದೆ. 'ದುರಸ್ತಿ ಮಾಡಿದರೂ' ಎಂಬ ಮಾತನ್ನು ಎರಡು ಸಲ ಓದಿ! ತುಕ್ಕು ಹಿಡಿದ ಮಾತ್ರಕ್ಕೆ ವಿನಾಯಿತಿ ಇಲ್ಲ. ಅದನ್ನು ತೀರ್ಮಾನಿಸುವವರು ನಾವಲ್ಲ, ಬಲ್ಲವರಿಂದ ತಪಾಸಣೆ ಆಗಬೇಕು. ನೂರು ವರ್ಷ ದಾಟಿದ ವಸ್ತುವಾದರೆ 1972ರ ಪುರಾತನ ವಸ್ತುಗಳ ಕಾಯ್ದೆ ಬೇರೆ ಇದೆ. ಹೊರದೇಶಕ್ಕೆ ಕಳಿಸುವಂತಿಲ್ಲ, ಲೈಸೆನ್ಸಿಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ.

ಬಾವಿಯೊಳಗಿನ ರಾಕೆಟ್ಟು

ಕೋಟೆಯಲ್ಲಿ ಏನಾದರೂ ಸಿಕ್ಕರೆ? ಇದು ಬರೀ ಊಹೆಯ ಪ್ರಶ್ನೆಯಲ್ಲ. ನಮ್ಮದೇ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ, ಹಿಂದಿನ ಬಿದನೂರಿನಲ್ಲಿ, ಪಾಳು ಬಾವಿಯೊಂದರಿಂದ 2002ರಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಮೈಸೂರು ಸೈನ್ಯದ ರಾಕೆಟ್ಟುಗಳೆಂದು ಆಮೇಲೆ ಗುರುತಿಸಲಾಯಿತು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆ ಅದೇ ಬಾವಿಯನ್ನು ಅಗೆಸಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು! ಬಾವಿಯ ಮಣ್ಣೇ ಮದ್ದಿನ ವಾಸನೆ ಬೀರುತ್ತಿತ್ತು ಎಂಬ ವಿವರ ಆಗ ಪತ್ರಿಕೆಗಳಲ್ಲಿ ಬಂತು.

ಬಿದಿರು ಗಳಕ್ಕೆ ಕಟ್ಟಿದ ಈ ಕಬ್ಬಿಣದ ರಾಕೆಟ್ಟುಗಳು 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರ ದಂಡನ್ನು ಬೆಚ್ಚಿಬೀಳಿಸಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಾದರಿಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ಅಭ್ಯಾಸ ಮಾಡಿ ತನ್ನ ರಾಕೆಟ್ಟು ತಯಾರಿಸಿದ. ಅಮೆರಿಕದ ನಾಸಾ ಕೇಂದ್ರವೊಂದರಲ್ಲಿ ಈ ಯುದ್ಧದ ಚಿತ್ರ ಕಂಡು ಹೆಮ್ಮೆಪಟ್ಟದ್ದನ್ನು ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಗರದ ರಾಕೆಟ್ಟುಗಳು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದವು.

ಯೋಚಿಸಿ: ಸಿಕ್ಕವರು ಒಂದೊಂದನ್ನು ಮನೆಗೆ ಒಯ್ದು ಷೋಕೇಸಿನಲ್ಲಿಟ್ಟಿದ್ದರೆ, ಇಲ್ಲವೆ ಗುಜರಿಗೆ ಹಾಕಿದ್ದರೆ? ಜಗತ್ತಿನ ರಾಕೆಟ್ ಚರಿತ್ರೆಯ ಒಂದು ಪುಟವೇ ಹರಿದುಹೋಗುತ್ತಿತ್ತು. ಕೋಟೆ ಕೊತ್ತಲಗಳಲ್ಲಿ ನಿಧಿಯ ಆಸೆಗೆ ಅಗೆಯುವವರು ಕೆಡಿಸುವುದು ಇಂಥ ಪುಟಗಳನ್ನೇ. ನೆಲದಲ್ಲಿ ಸಿಕ್ಕ ನಿಕ್ಷೇಪವನ್ನು ಸರ್ಕಾರಕ್ಕೆ ತಿಳಿಸಬೇಕೆಂದು ಕಾನೂನೂ ಇದೆ. ಗುಂಡು, ಕೊಳವೆ, ತೋಟಾ ಏನು ಕಂಡರೂ ಮಕ್ಕಳು ಮುಟ್ಟಬಾರದು, ಕುಟ್ಟಬಾರದು, ಬೆಂಕಿಗೆ ಹಾಕಬಾರದು. ಎಷ್ಟೇ ಹಳೆಯ ಮದ್ದಾದರೂ ನಂಬುವಂತಿಲ್ಲ. ಇದ್ದಲ್ಲೇ ಬಿಟ್ಟು, ಜಾಗ ಗುರುತಿಟ್ಟು, ಪೊಲೀಸರಿಗೆ ತಿಳಿಸಿ.

ಎಲ್ಲರಿಗೂ ಎಟಕುವ ಸಂಗ್ರಹ

ಗುರಿ ಹೊಡೆಯುವ ಆಸೆ ಇರುವ ಮಗುವಿಗೆ ದಾರಿ ಮುಚ್ಚಿಲ್ಲ. ಎನ್.ಸಿ.ಸಿ. ಸೇರಿದರೆ .22 ರೈಫಲಿನ ತರಬೇತಿ ಸಿಗುತ್ತದೆ. ರೈಫಲ್ ಕ್ಲಬ್ಬುಗಳಲ್ಲಿ ಹತ್ತು ಮೀಟರಿನ ಏರ್ ರೈಫಲ್ ಕಲಿಯಬಹುದು. ಹನ್ನೆರಡು ವರ್ಷ ದಾಟಿದ ಮಕ್ಕಳಿಗೆ ಕಿರಿಯ ಗುರಿಗಾರರಾಗಿ ಅಭ್ಯಾಸ ಮಾಡಲು ನಿಯಮದಲ್ಲಿ ಎಡೆಯಿದೆ.

ಸಂಗ್ರಹದ ಆಸೆ ಇರುವ ಮಗುವಿಗಂತೂ ಸೊರಬ, ಶಿಕಾರಿಪುರ ತಾಲ್ಲೂಕುಗಳಷ್ಟು ಶ್ರೀಮಂತ ಆಯುಧಶಾಲೆ ಬೇರೆಲ್ಲೂ ಸಿಗದು. ಅದು ವೀರಗಲ್ಲುಗಳ ಆಯುಧಶಾಲೆ. ಊರ ಬಾಗಿಲಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಹಿಂದೆ ಎಲ್ಲಿ ನೋಡಿದರಲ್ಲಿ ನಿಂತಿವೆ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ದನ ಬಿಡಿಸಲು ಹೋಗಿ ಸತ್ತವನು, ಹೆಂಗಸರ ಮಾನ ಕಾಯಲು ಸತ್ತವನು, ಊರು ಉಳಿಸಲು ಸತ್ತವನು. ಹಿಡಿದ ಕತ್ತಿ, ಗುರಾಣಿ, ಬಿಲ್ಲು, ಈಟಿ, ಕಠಾರಿಗಳನ್ನು ಶಿಲ್ಪಿ ಕಂಡಂತೆ ಕೆತ್ತಿದ್ದಾನೆ. ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಎಂಟನೆಯ ಸಂಪುಟದಲ್ಲಿ ಸೊರಬ ತಾಲ್ಲೂಕಿನವೇ ನೂರಾರು ಶಾಸನಗಳಿವೆ. ಅವುಗಳಲ್ಲಿ ಎಷ್ಟೋ ವೀರಗಲ್ಲಿನವು.

ನೂರು ಹಾಳೆಯ ಒಂದು ನೋಟುಬುಕ್ಕು, ಒಂದು ಟೇಪು, ಒಂದು ಫೋಟೋ. ಊರಿನ ಹೆಸರು, ಕಲ್ಲಿನ ಎತ್ತರ, ವೀರನ ಕೈಯ ಆಯುಧ, ಹೇಗೆ ಹಿಡಿದಿದ್ದಾನೆ ಎಂಬ ಚಿತ್ರ. ಕಲ್ಲಿಗೆ ಸುಣ್ಣ, ಎಣ್ಣೆ ಬಳಿಯದೆ, ಜರುಗಿಸದೆ ಬರೆದುಕೊಂಡರೆ ಸಾಕು. ಒಂದು ಬೇಸಿಗೆ ರಜೆಯಲ್ಲಿ ಮುಗಿಸುವ ಕೆಲಸ ಇದಲ್ಲ. ಕೋವಿ ಒಬ್ಬರ ಗೋಡೆಯ ಮೇಲೆ ತೂಗುತ್ತದೆ. ಈ ಸಂಗ್ರಹ ಊರಿನವರಿಗೆಲ್ಲ ಉಪಯೋಗಕ್ಕೆ ಬರುತ್ತದೆ. ಎಷ್ಟೋ ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿ, ಮೋರಿಯ ಚಪ್ಪಡಿಯಾಗಿ ಮಾಯವಾಗುತ್ತಿರುವಾಗ, ಹುಡುಗನೊಬ್ಬನ ನೋಟುಬುಕ್ಕೇ ಅವುಗಳ ಕೊನೆಯ ದಾಖಲೆಯಾದೀತು.

ಹೋಗುವುದು ಹೇಗೆ?

ಚಂದ್ರಗುತ್ತಿ ಸೊರಬದಿಂದ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಉತ್ತರ ಕನ್ನಡದ ಸಿದ್ದಾಪುರದಿಂದಲೂ ಬರಬಹುದು. ರೈಲಿನಲ್ಲಿ ಬರುವವರು ಸಾಗರ ಇಲ್ಲವೆ ತಾಳಗುಪ್ಪದಲ್ಲಿ ಇಳಿಯಬೇಕು. ಮಳೆಗಾಲ ಬಿಟ್ಟು ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಕೋಟೆ ಏರಲು ಹದವಾದ ಕಾಲ. ದೇವಿಯ ಜಾತ್ರೆ ಮಾರ್ಚ್ ತಿಂಗಳ ಸುಮಾರಿಗೆ, ಆಗ ಜನಜಂಗುಳಿ. ಮೇಲೆ ಅಂಗಡಿ ಮುಂಗಟ್ಟು ಇಲ್ಲ, ಕುಡಿಯುವ ನೀರು ಒಯ್ಯಬೇಕು. ಒಂದೇ ಪ್ರವಾಸದಲ್ಲಿ ಬನವಾಸಿ, ತಾಳಗುಂದ, ಬಳ್ಳಿಗಾವಿಗಳನ್ನೂ ಸೇರಿಸಿಕೊಳ್ಳಬಹುದು. ಹಿಂದಿರುಗುವಾಗ ಕೆಳದಿಯ ವಸ್ತುಸಂಗ್ರಹಾಲಯ, ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ ನೋಡಿದರೆ, "ಇಲ್ಲಿದ್ದ ಕತ್ತಿ, ಕೋವಿ ಎಲ್ಲ ಎಲ್ಲಿಗೆ ಹೋದುವು?" ಎಂದು ಕೇಳಿದ ಮಗುವಿಗೆ ಅರ್ಧ ಉತ್ತರ ಸಿಕ್ಕಂತೆ. ಉಳಿದರ್ಧವನ್ನು ಅದೇ ಹುಡುಕಿಕೊಳ್ಳಲಿ.